ನೀಲಿ ಕಿಡಿ ಕಾಣದಿದ್ದರೂ ಹಳಿಯಲ್ಲಿ ಕರೆಂಟಿದೆ

ಆ ಓಣಿಯಲ್ಲಿ ಹದಿನೆಂಟು ಮನೆ. ಮನೆಗಳ ಬೆನ್ನಿಗೇ ತಂತಿ ಬೇಲಿ, ಬೇಲಿಯಾಚೆ ಎರಡು ಜೋಡಿ ರೈಲು ಹಳಿ. ಬೇಕಾದದ್ದೆಲ್ಲ ಹಳಿಯಾಚೆಗೇ ಇದೆ: ತರಕಾರಿ ಅಂಗಡಿ, ಔಷಧಿ ಅಂಗಡಿ, ಕಣ್ಣಿನ ಡಾಕ್ಟರು. ಈಚೆ ಇರುವುದು ಜನ ಮಾತ್ರ. ದಾಟಲು ಮೇಲ್ಸೇತುವೆ ಇಲ್ಲದಿಲ್ಲ. ಆದರೆ ಅದಿರುವುದು ಸ್ಟೇಷನ್ನಿನ ಹತ್ತಿರ. ಹತ್ತು ನಿಮಿಷ ನಡೆದು, ಅರವತ್ತೆರಡು ಮೆಟ್ಟಿಲು ಹತ್ತಿ, ಮತ್ತೆ ಅಷ್ಟನ್ನೂ ಇಳಿಯಬೇಕು. ಬೇಲಿಯಲ್ಲೋ, ಒಬ್ಬರು ಬಗ್ಗಿ ನುಸುಳುವಷ್ಟು ಕಂಡಿ ಇತ್ತು. ಅದನ್ನು ಕತ್ತರಿಸಿದ್ದು ಯಾರು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು.

ಈ ರೈಲಿಗೆ ತಲೆಯ ಮೇಲೆ ತಂತಿ ಇಲ್ಲ. ರೈಲು ಓಡುವ ಪ್ರತಿ ಜೋಡಿ ಹಳಿಯ ಪಕ್ಕದಲ್ಲಿ, ಮೊಣಕಾಲಿಗಿಂತ ಕೆಳಗೆ, ಮೂರನೆಯದೊಂದು ಹಳಿ ಇದೆ. ಮೇಲೆ ಹಲಗೆಯಂಥ ಮುಚ್ಚಳ, ಬದಿಗೆ ಮಾತ್ರ ತೆರೆದಿದೆ. ಕರೆಂಟು ಬರುವುದು ಅದರಲ್ಲಿ. ಇಷ್ಟು ಓಣಿಯವರಿಗೆಲ್ಲ ಗೊತ್ತಿತ್ತು. ಇದಕ್ಕಿಂತ ಹೆಚ್ಚು ಗೊತ್ತಿದ್ದದ್ದು ಪೇಂಟರಣ್ಣನಿಗೆ. ಹಾಗೆಂದು ಅವನೇ ಹೇಳುತ್ತಿದ್ದ.

ಪೇಂಟರಣ್ಣ ಮನೆಗಳಿಗೆ ಬಣ್ಣ ಬಳಿಯುವವನು. ಕೈ ಶುದ್ಧ, ಮನಸ್ಸು ಒಳ್ಳೆಯದು. ಆದರೆ 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿರಲಿಲ್ಲ. ಸಂಜೆ ಟೆರೇಸಿನ ಮೇಲೆ ಟೀ ಲೋಟ ಹಿಡಿದು ರೈಲು ನೋಡುವುದು ಅವನ ಚಟ. ಕರೆಂಟಿನ ರೈಲು ಬಂದಾಗ, ಮನೆಯಿಂದ ಸ್ವಲ್ಪ ಆಚೆ, ಒಂದು ರೈಲು ದಾರಿ ಇನ್ನೊಂದಕ್ಕೆ ಕೂಡುವ ಜಾಗದಲ್ಲಿ, ಗಾಲಿಯ ಹತ್ತಿರ ಫಳ್ಳೆಂದು ನೀಲಿ ಬೆಳಕು ಹೊಡೆಯುತ್ತಿತ್ತು. ಪ್ರತಿ ಸಲವೂ ಅದೇ ಜಾಗ. ಆದರೆ ಕೆಲವು ರೈಲುಗಳ ಎಂಜಿನ್ ಗುರುಗುಟ್ಟುತ್ತ, ಹೊಗೆ ಬಿಡುತ್ತ ಬರುತ್ತಿತ್ತು. ಅವು ಹೋದಾಗ ಕಿಡಿಯ ಸುಳಿವೇ ಇರುತ್ತಿರಲಿಲ್ಲ. ಎರಡು ವರ್ಷ ಇದನ್ನೇ ನೋಡಿ ನೋಡಿ ಪೇಂಟರಣ್ಣ ಒಂದು ಸೂತ್ರ ಹೊಸೆದ.

"ಕಿಡಿ ಹಾರಿದ್ರೆ ಕರೆಂಟಿದೆ. ಎಂಜಿನ್ ಗುರ್ ಅಂತ ಹೊಗೆ ಬಿಟ್ಕೊಂಡು ಬಂತಾ, ಹಳೀಲಿ ಕರೆಂಟ್ ತೆಗ್ದಿದ್ದಾರೆ ಅಂತ ಅರ್ಥ. ಇಲ್ದಿದ್ರೆ ಅವರಿಗೇನು ಹುಚ್ಚಾ ಡೀಸೆಲ್ ಸುಡೋಕೆ? ಅದು ಹೋದ್ಮೇಲೆ ಆರಾಮಾಗಿ ದಾಟಿ."

ಓಣಿಯವರಿಗೆ ಇದು ಬಹಳ ಹಿಡಿಸಿತು. ಕೊನೆಗೆ ಅವನ ಅತ್ತೆಗೂ ಹಿಡಿಸಿತು ಎಂಬುದೇ ಸೋಜಿಗ. ಹೆಂಡತಿಯ ತಾಯಿ, ಅವರ ಜೊತೆಯಲ್ಲೇ ಇದ್ದಾರೆ. ಅಳಿಯ ಬಿಸಿಲು ಎಂದರೆ ಛತ್ರಿ ಹಿಡಿದು ಹೊರಡುವವರು. ಅಳಿಯನ ಮಾತಿನಲ್ಲಿ ಅವರು ನಂಬಿದ್ದು ಇದೊಂದನ್ನೇ, ಏಕೆಂದರೆ ಅವರಿಗಿಂತ ಮೊದಲು ಅವರ ಮಂಡಿಗಳು ಅದನ್ನು ನಂಬಿದವು. ಅರವತ್ತೆರಡು ಮೆಟ್ಟಿಲು ತಪ್ಪಿತಲ್ಲ!

ಹೀಗಿರುವಾಗ ಅವರ ಮನೆಯ ಮಹಡಿಯ ಕೋಣೆಗೆ ಹೊಸಬಳೊಬ್ಬಳು ಬಾಡಿಗೆಗೆ ಬಂದಳು. ರೈಲು ಎಂಜಿನ್‌ಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಕೆಲಸ. ಓಣಿಯವರು ಎರಡೇ ದಿನಕ್ಕೆ ಮೆಕ್ಯಾನಿಕಮ್ಮ ಎಂದು ಕರೆಯತೊಡಗಿದರು. ಅವಳನ್ನು ಕಂಡಾಗಲೆಲ್ಲ ಪೇಂಟರಣ್ಣನ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂದು ನಿಲ್ಲುತ್ತಿತ್ತು. ಆ ನೀಲಿ ಕಿಡಿ ಅದೇ ಜಾಗದಲ್ಲಿ ಯಾಕೆ? ಆದರೆ ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಲ್ಲವೇ? ಮೂರು ವಾರ ತಡೆದುಕೊಂಡ. ಒಂದು ರಜೆಯ ಮಧ್ಯಾಹ್ನ, ಹಿತ್ತಲಲ್ಲಿ ಕುಳಿತು ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುತ್ತಿದ್ದವನು, ಬಟ್ಟೆ ಒಣಗಿಸಲು ಇಳಿದು ಬಂದವಳನ್ನು ಕೇಳಿಯೇಬಿಟ್ಟ.

ಮೆಕ್ಯಾನಿಕಮ್ಮ ನಗಲಿಲ್ಲ. "ಇರಿ ಅಣ್ಣ, ಒಂದು ತೋರಿಸ್ತೀನಿ" ಎಂದು ಮೇಲೆ ಹೋಗಿ ಅಂಗೈಗಿಂತ ದೊಡ್ಡದಾದ ಕಬ್ಬಿಣದ ತುಂಡೊಂದನ್ನು ತಂದಳು.

"ಇದು ಹಳೇದು, ಗುಜರಿಗೆ ಹಾಕಿದ್ದು. ನನ್ನ ಬಾಗಿಲು ಗಾಳಿಗೆ ಬಡ್ಕೋಬಾರ್ದು ಅಂತ ಅಡ್ಡ ಇಡೋಕೆ ಕೇಳಿ ತಂದೆ. ನಾವು ಇದಕ್ಕೆ ಶೂ ಅಂತೀವಿ. ರೈಲಿನ ಬದಿಯಿಂದ ಹೊರಗೆ ಚಾಚ್ಕೊಂಡಿರುತ್ತೆ. ಮೂರನೇ ಹಳಿ ಮೇಲೆ ಜಾರ್ಕೊಂಡು ಹೋಗಿ ಕರೆಂಟ್ ಎತ್ಕೊಳ್ಳುತ್ತೆ."

ಪೇಂಟರಣ್ಣ ಅದನ್ನು ತಿರುಗಿಸಿ ನೋಡಿದ. ಒಂದು ಅಂಚು ನುಣ್ಣಗಿತ್ತು. ಇನ್ನೊಂದು ಅಂಚಿನಲ್ಲಿ ಗುಳಿಗಳು, ಹನಿ ಹನಿಯಾಗಿ ಇಳಿದು ಗಟ್ಟಿಯಾದ ಗುರುತು.

"ಏನಮ್ಮ ಇದು, ಕಬ್ಬಿಣ ಕರಗಿದೆ!"

"ನಿಮ್ಮ ನೀಲಿ ಕಿಡಿ ಮಾಡಿದ ಕೆಲಸ ಅದು. ಇಸ್ತ್ರಿ ಪೆಟ್ಟಿಗೆ ಪ್ಲಗ್ಗನ್ನ ಸ್ವಿಚ್ ಆರಿಸದೇನೇ ಎಳೆದು ನೋಡಿದೀರಾ? ಚಟ್ ಅನ್ನಲ್ವಾ?"

"ಅನ್ನುತ್ತೆ. ಅದಕ್ಕೇ ನನ್ನ ಹೆಂಡ್ತಿ ದಿನಾ ಬೈತಾಳೆ."

"ಅದೇ ಇದು, ನೂರಾರು ಪಟ್ಟು ದೊಡ್ಡದು. ದಾರಿ ಕೂಡೋ ಕಡೆ ಮೂರನೇ ಹಳೀನ ಸ್ವಲ್ಪ ದೂರ ಬಿಟ್ಟಿರ್ತಾರೆ, ಇಲ್ದಿದ್ರೆ ಆ ಕಡೆ ರೈಲಿಗೆ ಅಡ್ಡ ಆಗುತ್ತೆ. ಶೂ ಅಲ್ಲಿ ಹಳಿ ಬಿಡುತ್ತೆ. ಆದ್ರೆ ಹರೀತಿರೋ ಕರೆಂಟ್ ಅಷ್ಟು ಸುಲಭಕ್ಕೆ ಬಿಡಲ್ಲ. ಗಾಳೀಲೇ ಹಾರಿ ಹಿಡ್ಕೊಳ್ಳೋಕೆ ನೋಡುತ್ತೆ. ಆಗ ಗಾಳಿನೇ ಉರಿಯೋ ಥರ ಆಗುತ್ತೆ. ಹಳಿ ಮೇಲೆ ಮಂಜು ಗಟ್ಟಿದ್ರೂ, ತುಕ್ಕು ಹಿಡಿದಿದ್ರೂ ಹೀಗೇ ಆಗುತ್ತೆ."

ಪೇಂಟರಣ್ಣನಿಗೆ ಬಹಳ ಸಂತೋಷವಾಯಿತು. ಎರಡು ವರ್ಷದ ತುರಿಕೆ ತೀರಿದ ಸಂತೋಷ. ಆ ಹುರುಪಿನಲ್ಲಿ ತನ್ನ ಸೂತ್ರವನ್ನೂ ಹೇಳಿಬಿಟ್ಟ. ಶಭಾಷ್ ಎನ್ನುತ್ತಾಳೆ ಎಂದು ಕಾದ. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಬಕೆಟ್ಟಿಗೆ ಹಾಕಿದಳು.

"ಅಣ್ಣ, ನೋಡಿದ್ದು ಸರಿ. ಅರ್ಥ ಮಾಡ್ಕೊಂಡಿದ್ದು ಪೂರ್ತಿ ತಪ್ಪು. ಆ ಗುರ್ ಅನ್ನೋ ಎಂಜಿನ್‌ಗೆ ಎರಡು ಶಕ್ತಿ. ಬೇಕಾದ್ರೆ ಹಳಿಯಿಂದ ಕರೆಂಟ್ ತಗೊಂಡು ಓಡುತ್ತೆ, ಬೇಕಾದ್ರೆ ತನ್ನದೇ ಡೀಸೆಲ್ಲಲ್ಲಿ ಓಡುತ್ತೆ. ಇಲ್ಲಿಂದ ಸ್ವಲ್ಪ ದೂರ ಹೋದ್ರೆ ಮೂರನೇ ಹಳಿಯೇ ಮುಗಿದುಹೋಗುತ್ತೆ. ಅದಕ್ಕೇ ಡ್ರೈವರ್ ಇಲ್ಲೇ ಡೀಸೆಲ್ ಶುರು ಮಾಡಿರ್ತಾರೆ. ಕರೆಂಟ್ ತಗೊಳ್ತಾ ಇಲ್ಲ, ಅದಕ್ಕೆ ಕಿಡಿ ಇಲ್ಲ. ಹಳೀಲಿ ಕರೆಂಟ್ ಇದ್ದೇ ಇರುತ್ತೆ."

"ಅದು ಹೆಂಗಮ್ಮ?"

"ನೀವು ಬಾಟಲಿ ನೀರು ಕುಡಿದ್ರೆ ಮನೆ ನಲ್ಲೀಲಿ ನೀರು ನಿಂತುಹೋಗುತ್ತಾ?"

ಪೇಂಟರಣ್ಣ ಬ್ರಷ್ಷನ್ನು ಡಬ್ಬಿಯಲ್ಲಿ ಸುಮ್ಮನೆ ತಿರುಗಿಸಿದ. "ಹನ್ನೊಂದು ವರ್ಷದಿಂದ ದಾಟ್ತಿದೀನಿ. ಏನೂ ಆಗಿಲ್ವಲ್ಲ?"

"ದಾಟಿದೀರಿ, ಮುಟ್ಟಿಲ್ಲ. ಅಷ್ಟೇ ವ್ಯತ್ಯಾಸ. ಏಳುನೂರು ವೋಲ್ಟ್ ಅಣ್ಣ, ಮನೆ ಕರೆಂಟಿನ ಮೂರು ಪಟ್ಟು. ಗೋಡೆ ಮೇಲಿನ ಪ್ಲಗ್ಗಲ್ಲಿ ಕಿಡಿ ಕಾಣಲ್ಲ ಅಂತ ಬೆರಳು ಹಾಕ್ತೀರಾ? ಕಾಲು ಜಾರಿ ಕೈ ಊರಿದ್ರೆ ಸಾಕು. ನಿಮ್ಮ ಅಲ್ಯೂಮಿನಿಯಂ ಏಣಿ ತಗುಲಿದ್ರೂ ಸಾಕು. ಹೋಗ್ಲಿ, ಈ ಸೂತ್ರ ಇನ್ಯಾರಿಗೆ ಹೇಳಿದೀರಿ?"

ಯಾರಿಗೆ ಹೇಳಿಲ್ಲ ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು. ಅಷ್ಟರಲ್ಲಿ ಬೇಲಿಯಾಚೆ ಗುರ್ ಎನ್ನುತ್ತ ಒಂದು ರೈಲು ಹೋಯಿತು. ಪೇಂಟರಣ್ಣ ಅಡುಗೆಮನೆಯ ಕಡೆ ತಿರುಗಿ, "ಅತ್ತೆ ಎಲ್ಲಿ?" ಎಂದ.

ಹೆಂಡತಿ ಕಿಟಕಿಯಿಂದ ಹೇಳಿದಳು: "ಕನ್ನಡಕ ರೆಡಿ ಆಗಿದೆ ಅಂತ ಫೋನ್ ಬಂದಿತ್ತು. ಎಂಜಿನ್ ಸದ್ದು ಬರಲಿ ಅಂತ ಜಗಲೀಲಿ ಕಾಯ್ತಾ ಕೂತಿದ್ರು. ಈಗ ಹೊರಟ್ರು ನೋಡಿ."

ಪೇಂಟರಣ್ಣ ಚಪ್ಪಲಿ ಇಲ್ಲದೆ ಓಡಿದ. ಕಂಡಿಯ ಹತ್ತಿರ ತಲುಪಿದಾಗ ಅತ್ತೆ ಮೊದಲ ಜೋಡಿ ಹಳಿ ದಾಟಿ, ಎರಡು ದಾರಿಗಳ ನಡುವೆ ಜಲ್ಲಿಯ ಮೇಲೆ ನಿಂತಿದ್ದರು. ಎದುರಿಗೆ, ಒಂದೇ ಹೆಜ್ಜೆ ಆಚೆ, ಮೂರನೇ ಹಳಿ. ಹಳೆಯ ಕನ್ನಡಕದಲ್ಲಿ ಸರಿಯಾಗಿ ಕಾಣದೆ ಸ್ಟೀಲಿನ ಊರುಗೋಲಿನಿಂದ ತಟ್ಟಿ ತಟ್ಟಿ ಜಾಗ ಹುಡುಕುತ್ತಿದ್ದರು.

ಕಂಡಿಗೆ ತಲೆ ಹಾಕಿದವನ ಅಂಗಿಯನ್ನು ಮೆಕ್ಯಾನಿಕಮ್ಮ ಹಿಂದಿನಿಂದ ಗಟ್ಟಿಯಾಗಿ ಹಿಡಿದಳು. "ಒಳಗೆ ಹೋಗ್ಬೇಡಿ! ಒಬ್ಬರ ಬದಲು ಇಬ್ಬರಾಗ್ತೀರಿ. ಕೂಗಿ, ನಿಲ್ಲಿಸಿ." ಇನ್ನೊಂದು ಕೈಯಲ್ಲಿ ಆಗಲೇ ರೈಲ್ವೆಯ ತುರ್ತು ನಂಬರ್ ಒತ್ತುತ್ತಿದ್ದಳು.

"ಅತ್ತೇ! ಅಲ್ಲೇ ನಿಂತ್ಕೊಳಿ! ಕೋಲು ಎತ್ಕೊಳಿ!"

"ಯಾಕಪ್ಪ? ನೀವು ಹೇಳಿದ ಹಾಗೇ ತಾನೇ ಮಾಡ್ತಿರೋದು? ಗುರ್ ಅಂತ ಹೋಯ್ತಲ್ಲ!" ಎಂದು ಅತ್ತೆ ತಿರುಗದೆಯೇ ಉತ್ತರಿಸಿದರು. ಕೋಲು ಮತ್ತೆ ಮುಂದೆ ಚಾಚಿತು.

ಪೇಂಟರಣ್ಣ ಜೀವಮಾನದಲ್ಲಿ ಹೇಳದ ಮಾತನ್ನು ಓಣಿಗೆಲ್ಲ ಕೇಳುವಂತೆ ಕಿರುಚಿದ. "ನಾನು ಹೇಳಿದ್ದು ತಪ್ಪು ಅತ್ತೆ! ನನಗೆ ಗೊತ್ತಿರಲಿಲ್ಲ! ಗೊತ್ತಿಲ್ಲದೇನೇ ಹೇಳಿಬಿಟ್ಟೆ!"

ಕೋಲು ನಿಂತಿತು. ಅತ್ತೆ ನಿಧಾನವಾಗಿ ತಿರುಗಿ ನೋಡಿದರು. ಭಯಕ್ಕಿಂತ ಹೆಚ್ಚಾಗಿ ಆಶ್ಚರ್ಯವೇ ಅವರನ್ನು ನಿಲ್ಲಿಸಿತೇನೋ. "ಏನಂದ್ರಿ?" ಎಂದರು.

"ತಪ್ಪು ಅಂದೆ. ಹಳೀಲಿ ಕರೆಂಟಿದೆ. ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲಾಡಬೇಡಿ."

ಅತ್ತೆ ಕೋಲನ್ನು ಎದೆಗೆ ಅವಚಿಕೊಂಡು ನಿಂತರು. ಮೆಕ್ಯಾನಿಕಮ್ಮನ ಫೋನಿನಿಂದ ಒಂದು ಗಂಡಸಿನ ದನಿ ಕೇಳಿಸುತ್ತಿತ್ತು: "ಎರಡೂ ಕಡೆ ರೈಲು ನಿಲ್ಲಿಸಿದೀವಿ. ಯಾರೂ ಇಳೀಬೇಡಿ, ಲೈನಲ್ಲಿ ಕರೆಂಟಿದೆ. ತೆಗೀತಾ ಇದೀವಿ... ಹಾಂ, ಈಗ ತೆಗೆದ್ವಿ. ಆದ್ರೂ ನಮ್ಮವರು ಬಂದು ನೋಡೋವರೆಗೆ ಏನನ್ನೂ ಮುಟ್ಟಬೇಡಿ."

ಈಗ ತೆಗೆದರಂತೆ. ಹಾಗಾದರೆ ಈ ಕ್ಷಣದವರೆಗೂ ಇತ್ತು. ಎಂಜಿನ್ ಗುರುಗುಟ್ಟಿಕೊಂಡು ಹೋದಾಗಲೂ, ಹನ್ನೊಂದು ವರ್ಷ ಏಣಿ ಹೊತ್ತು ತಾನು ದಾಟಿದಾಗಲೂ ಇತ್ತು. ಪೇಂಟರಣ್ಣ ಬೇಲಿಯ ಬುಡದಲ್ಲಿ ಕುಳಿತು, ನಾಚಿಕೆ ಬಿಟ್ಟು ಅತ್ತ.

ಕಾಲು ಗಂಟೆಯಲ್ಲಿ ಇಬ್ಬರು ರೈಲ್ವೆ ಕೆಲಸಗಾರರು ಬಂದು, ಉಪಕರಣ ಇಟ್ಟು ಪರೀಕ್ಷಿಸಿ, ಅತ್ತೆಯ ಕೈ ಹಿಡಿದು ಕರೆತಂದರು. ಈಚೆ ಬಂದ ಅತ್ತೆ ಮೊದಲು ಆಡಿದ ಮಾತು, "ನನ್ನ ಕನ್ನಡಕ ಆಚೆನೇ ಉಳೀತಲ್ಲ!" ಎಂದು. ಆಮೇಲೆ ಮಗಳು ತಂದ ನೀರಿನಲ್ಲಿ ಅರ್ಧ ಸೀರೆಯ ಮೇಲೆ ಚೆಲ್ಲಿತು.

"ಮಂಡಿ ನೋವಿದ್ರೆ ಮೆಟ್ಟಿಲು ಯಾಕೆ ಹತ್ಬೇಕು ಅಮ್ಮ? ಸ್ಟೇಷನ್ನಲ್ಲಿ ಲಿಫ್ಟ್ ಇದೆಯಲ್ಲ, ಟಿಕೆಟ್ ಕೌಂಟರ್ ಹಿಂದೆ?" ಎಂದ, ಅವರ ಮಂಡಿಯ ಕಥೆ ಕೇಳಿದ ಒಬ್ಬ ಕೆಲಸಗಾರ. ಲಿಫ್ಟ್ ಬಂದು ಒಂದು ವರ್ಷವಾಗಿತ್ತು. ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಪೇಂಟರಣ್ಣನನ್ನು ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದ. ಅದೇ ಸಂಜೆ ಅತ್ತೆ ಅಳಿಯ ಇಬ್ಬರೂ ಆ ಲಿಫ್ಟಿನಲ್ಲಿ ಹತ್ತಿ ಇಳಿದು ಕನ್ನಡಕ ತಂದರು.

ಮರುದಿನ ಬೇಲಿಯ ಕಂಡಿಗೆ ರೈಲ್ವೆಯವರು ಹೊಸ ತಂತಿ ಬಿಗಿದರು. ಪೇಂಟರಣ್ಣ ಕೆಲಸಕ್ಕೆ ಹೋಗದೆ ಹದಿನೇಳು ಮನೆಯ ಬಾಗಿಲು ತಟ್ಟಿದ. ಪ್ರತಿ ಮನೆಯಲ್ಲೂ ಒಂದೇ ಮಾತು: "ನಾನು ಹೇಳಿದ್ದು ತಪ್ಪು. ಎಂಜಿನ್ ಹೆಂಗೇ ಕೂಗಲಿ, ಕಿಡಿ ಇರಲಿ ಬಿಡಲಿ, ರೈಲು ಬರಲಿ ಬಾರದಿರಲಿ, ಆ ಹಳೀಲಿ ಕರೆಂಟಿದೆ ಅಂತಲೇ ತಿಳ್ಕೊಳ್ಳಿ." ಕೆಲವರು ನಕ್ಕರು, ಒಬ್ಬರು ಬೈದರು. ಕೊನೆಯ ಮನೆಯ ದರ್ಜಿ ಅಕ್ಕ ಮಾತ್ರ ಹೊಲಿಗೆ ಮಷಿನ್ನಿನಿಂದ ಕಾಲು ತೆಗೆದು ಹೇಳಿದಳು:

"ಅಣ್ಣ, ನಾನು ಅದನ್ನ ನಮ್ಮ ತಂಗಿ ಮನೇಲೂ ಹೇಳಿದೀನಲ್ಲ. ಅವರ ಮನೆ ಹಿಂದೇನೂ ಇದೇ ಹಳಿ. ಅವಳ ಮಕ್ಕಳು ಸ್ಕೂಲಿಗೆ ಅಲ್ಲೇ ದಾಟ್ತಾರೆ."

ಪೇಂಟರಣ್ಣ ಕುಳಿತುಕೊಳ್ಳಲೂ ಇಲ್ಲ. "ಮೊದ್ಲು ಫೋನ್ ಮಾಡು. ಆಮೇಲೆ ಅಡ್ರೆಸ್ ಕೊಡು" ಎಂದ. ಆ ತಂಗಿ ಇನ್ನೂ ಇಬ್ಬರಿಗೆ ಹೇಳಿದ್ದಳು. ಆ ಇಬ್ಬರು ಇನ್ಯಾರಿಗೆ ಹೇಳಿದ್ದರೋ, ಅವನು ಈಗಲೂ ಹುಡುಕುತ್ತಿದ್ದಾನೆ.

ಓದುತ್ತಿರುವ ಅಕ್ಕ, ಅಣ್ಣ, ತಂಗಿ, ಆ ಮಾತು ನಿಮ್ಮ ಓಣಿಗೂ ಬಂದು ತಲುಪಿರಬಹುದು. ಕರೆಂಟಿನ ಹಳಿ ಇರುವ ಕಡೆ ಬೇಲಿ ನುಸುಳಬೇಡಿ. ಸೇತುವೆಯಲ್ಲೋ ಸುರಂಗದಲ್ಲೋ ಹೋಗಿ, ಲಿಫ್ಟ್ ಇದೆಯೇ ಎಂದು ಬಾಯಿ ಬಿಟ್ಟು ಕೇಳಿ. ಬೇಲಿ ಹರಿದಿದ್ದರೆ ಸ್ಟೇಷನ್ನಿಗೆ ತಿಳಿಸಿ. ಯಾರಾದರೂ ಹಳಿಯ ಮೇಲೆ ಸಿಕ್ಕಿಕೊಂಡರೆ, ಅವರ ಹಿಂದೆ ಇಳಿಯಬೇಡಿ, ಅವರನ್ನು ಮುಟ್ಟಬೇಡಿ. ಕೂಗಿ ನಿಲ್ಲಿಸಿ, ತುರ್ತು ನಂಬರಿಗೆ ಫೋನ್ ಮಾಡಿ. ಆ ನಂಬರನ್ನು ಇವತ್ತೇ ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮತ್ತು "ಎಂಜಿನ್ ಗುರ್ ಅಂದ್ರೆ ಕರೆಂಟಿಲ್ಲ" ಎಂದು ನೀವೇ ಯಾರಿಗಾದರೂ ಹೇಳಿದ್ದರೆ, ಈ ಕಾಗದ ಮಡಚಿ ಜೇಬಿಗಿಡುವ ಮೊದಲು ಅವರ ಬಾಗಿಲು ತಟ್ಟಿ. ಅವರು ಇನ್ನೂ ಮನೆಯಲ್ಲಿರುವಾಗಲೇ ತಟ್ಟಿ.