ಹೊರಗಿದ್ದವಳ ಮಾತು

ದೇವರಿಗೆ ಬಿಟ್ಟಿದ್ದ ಟಗರು ಕಾಣೆಯಾದದ್ದು ಸೋಮವಾರ ಮಧ್ಯಾಹ್ನ. ಕದ್ದವನನ್ನು ತೇಜಶ್ರೀ ಕಣ್ಣಾರೆ ಕಂಡಿದ್ದಳು. ಹಟ್ಟಿಯ ಯಜಮಾನ ಯತ್ತಪ್ಪನ ಮಗ ರಾಜಣ್ಣ ಅದನ್ನು ಗೂಡ್ಸ್ ಆಟೊದೊಳಕ್ಕೆ ದಬ್ಬಿ, ಮೇಲೆ ತಾಡಪಾಲು ಎಳೆದು, ಚಳ್ಳಕೆರೆ ರಸ್ತೆ ಹಿಡಿದಿದ್ದ. ಅವಳು ಕಂಡದ್ದು ಬೇಲಿಯಾಚೆಯ ಗುಡಿಸಲಿನಿಂದ. ಮುಟ್ಟಾದ ಹೆಂಗಸರು ಅಲ್ಲೇ ಇರಬೇಕು. ಪಿಯುಸಿ ಓದುವ ಹುಡುಗಿಯಾದರೂ ಅಷ್ಟೇ, ಪರೀಕ್ಷೆ ಹತ್ತಿರ ಬಂದಿದ್ದರೂ ಅಷ್ಟೇ. ದೇವರಿಗೆ ಪಿಯುಸಿ ಗೊತ್ತಿಲ್ಲ.

ಹಿಡಿದು ತಂದದ್ದು ಮಾತ್ರ ಅಂಜನ್‌ನನ್ನು. ಪಕ್ಕದ ಕಾಲೊನಿಯ ಮಾದಿಗರ ಹುಡುಗ, ಮೊಳಕಾಲ್ಮೂರಿನ ಕಾಲೇಜಿನಲ್ಲಿ ಅವಳದೇ ಕ್ಲಾಸು. ಅವಳು ಬಾರದ್ದು ಕಂಡು ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಕೊಡಲು ಅವತ್ತು ಬೇಲಿಯ ತನಕ ಬಂದು ಹೋಗಿದ್ದ. ಹಟ್ಟಿಯವರು ನೋಡಿದ್ದರು. ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಅವನನ್ನು ಗುಡಿಕಟ್ಟೆಯ ಕೆಳಗೆ ಮಣ್ಣಲ್ಲಿ ಕೂರಿಸಿದ್ದರು. ಅಂಗಿ ಹರಿದಿತ್ತು, ಒಂದು ಕಿವಿ ಊದಿತ್ತು. ಪೊಲೀಸ್ ಜೀಪೂ ಬಂದು ನಿಂತಿತ್ತು. ತೇಜಶ್ರೀ ಬೇಲಿಗೆ ಅಂಟಿ ನಿಂತು ಕೂಗಿದಳು.

"ಅಪ್ಪಾ, ಟಗರು ಕದ್ದಿದ್ದು ಅಂಜನ್ ಅಲ್ಲ. ನಾನು ನೋಡೀನಿ."

ಅವಳಪ್ಪ ಚಂದ್ರಣ್ಣ ತಲೆ ಎತ್ತಲಿಲ್ಲ. ಪೂಜಾರಿ ಪಾತಣ್ಣ ಎತ್ತಿದ. "ಹೊರಗಿರೋರ ಮಾತು ಕಟ್ಟೆಗೆ ಬರಂಗಿಲ್ಲ. ಸುಮ್ಕಿರು ತಾಯಿ."

"ಅಂಗಾರೆ ಸುಳ್ಳು ಬರಬೋದಾ ಕಟ್ಟೆಗೆ?"

"ಲೇ ಚಂದ್ರ, ನಿನ್ನ ಮಗಳು ಲಾಯರಿಕೆ ಓದ್ತಾಳೇನಲೇ?" ಅಂತ ಒಬ್ಬ ನಕ್ಕ. "ಜೆರಾಕ್ಸ್ ತಂದುಕೊಟ್ಟೋನಿಗೆ ಫೀಸಿಲ್ದೆ ವಾದ ಮಾಡ್ತಾಳೆ" ಅಂದ ಇನ್ನೊಬ್ಬ.

ಕಟ್ಟೆಯ ಮೇಲೆ ರಾಜಣ್ಣನೂ ಕೂತು ಎಲೆ ಅಡಿಕೆ ಅಗಿಯುತ್ತಿದ್ದ. ಅದೇ ಬಾಯಲ್ಲಿ ಪೇದೆಗೆ ಹೇಳಿದ: "ಈ ಜನಾನೇ ಇಷ್ಟು ಸಾರ್. ಕೈ ಸುಮ್ಕಿರಲ್ಲ."

ತೇಜಶ್ರೀಗೆ ಮೈ ಉರಿಯಿತು. ಹೊರಗಿದ್ದಾಗ ಬೇಲಿ ದಾಟಿದರೆ ಕುರಿಗಳಿಗೆ ರೋಗ ಬರುತ್ತೆ, ಮನೆಗೆ ಹಾವು ಬರುತ್ತೆ ಅಂತ ಅವ್ವ ಹೇಳಿದ್ದಳು. ಅದನ್ನು ಅವಳು ನಂಬಿದ್ದಳು ಕೂಡ. ನಂಬಿಕೊಂಡೇ ಮುಳ್ಳು ಸರಿಸಿ ಒಳಗೆ ನಡೆದಳು, ನೇರ ಕಟ್ಟೆಯ ತನಕ.

"ಕದ್ದಿದ್ದು ರಾಜಣ್ಣ ಮಾವ. ಗೂಡ್ಸ್ ಆಟೊದಾಗೆ ಹಾಕ್ಕಂಡು ಚಳ್ಳಕೆರೆ ಕಡೆ ಹೋದ. ನಾನು ನೋಡೀನಿ."

ಒಂದಕ್ಷರ ನುಂಗದೆ ಹೇಳಿದಳು. ಕೆಂಡ ತುಳಿದವರಂತೆ ಗಂಡಸರೆಲ್ಲ ಎದ್ದರು. ಕಳ್ಳನ ಹೆಸರು ಕೇಳಿ ಎದ್ದರು ಅಂದುಕೊಂಡಳು, ಹುಚ್ಚಿ.

"ಕಟ್ಟೆ ಮೈಲಿಗೆಯಾತು, ಗಂಜಲ ತರ್ರೋ" ಅಂದ ಪಾತಣ್ಣ. ಗಂಜಲ ಚಿಮುಕಿಸಿದರೆ ಸಾಕೋ, ದೇವರನ್ನೇ ಹೊಳೆಗೆ ಒಯ್ದು ತೊಳೆಯಬೇಕೋ ಅಂತ ಅಲ್ಲೇ ಜಗಳ ಹತ್ತಿತು. ಟಗರಿನ ಸುದ್ದಿ ಯಾರ ಬಾಯಲ್ಲೂ ಇಲ್ಲ. ರಾಜಣ್ಣನೇ ಮುಂದೆ ನಿಂತು ಕೊಡ ಹುಡುಕುತ್ತಿದ್ದ.

"ಯಜಮಾನ್ರೆ, ಈ ಹುಡುಗಿ ಏನೋ ಹೇಳ್ತಾ ಐತಲ್ರೀ?" ಎಂದು ಪೇದೆ ಕೇಳಿದ.

"ಹೊರಗಾಗೈತೆ ಸಾರ್. ಅದರ ಮಾತು ಈಗ ಲೆಕ್ಕಕ್ಕಿಲ್ಲ" ಎಂದ ಯತ್ತಪ್ಪ.

ಪೇದೆಗೂ ಅಷ್ಟೇ ಬೇಕಾಗಿತ್ತು. ಅಂಜನ್‌ನ ರಟ್ಟೆ ಹಿಡಿದು ಎಬ್ಬಿಸಿದ. ಜೀಪು ಹತ್ತುವಾಗ ಅವನು ತೇಜಶ್ರೀಯನ್ನು ನೋಡಿ, "ನೀನ್ಯಾಕೆ ಬಂದೆ, ಹೋಗು" ಅಂದ. ಬೈದ ಹಾಗಿತ್ತು.

ಅವಳು ಜೀಪಿನ ಹಿಂದೆ ಓಡಿದಳು. ಹಟ್ಟಿಯ ಬಾಗಿಲಲ್ಲಿ ಅಪ್ಪ ಅಡ್ಡ ಬಂದ. ಮುಟ್ಟಂಗಿಲ್ಲವಲ್ಲ, ಎರಡೂ ಕೈ ಚಾಚಿ ದಾರಿ ಕಟ್ಟಿದ.

"ಶುಕ್ರವಾರ ತಲೆಗೆ ನೀರು ಹಾಕ್ಕಂಡು ಒಳಗೆ ಬರ್ತೀಯಲ್ಲ, ಆಗ ಹೇಳವ್ವ. ಆಗ ಕೇಳ್ತಾರೆ."

"ಶುಕ್ರವಾರದ ತನಕ ಅವನನ್ನ ಹೊಡೀದೆ ಇಟ್ಕಂತಾರೇನಪ್ಪ?"

ಚಂದ್ರಣ್ಣ ಕೈ ಇಳಿಸಲಿಲ್ಲ. ಅವಳು ಆ ಕಡೆ ಸರಿದರೆ ಅವನೂ ಸರಿದ, ಈ ಕಡೆ ಬಂದರೆ ಈ ಕಡೆಗೆ ಬಂದ, ಕುರಿ ತಡೆಯುವ ಹಾಗೆ. ತಳಕಿನ ಪೊಲೀಸ್ ಠಾಣೆಗೆ ಹೋಗುವ ರಸ್ತೆಯಲ್ಲಿ ಜೀಪಿನ ಧೂಳು ಅಡಗುವ ತನಕ ತಡೆದ.