ಬೋರಮ್ಮನ ಬಾಡಿಗೆ ಬೋರ್ಡು

"ಅಕ್ಷರ ದಪ್ಪಗಿರ್ಲಿ ಕಣಪ್ಪ, ಬೀದೀಲಿ ಹೋಗೋರ್ಗೆ ಕಾಣ್ಬೇಕು," ಎಂದು ಹಲಗೆಯನ್ನು ಗೋಡೆಗೆ ಒರಗಿಸಿದ ಬೋರಮ್ಮ ಸರಸರನೆ ಹೊರಟೇಬಿಟ್ಟಳು.

"ಏನಂತ ಬರೀಲವ್ವ?"

"ಮನೆ ಬಾಡಿಗೆಗೆ ಇದೆ ಅಂತ."

ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ ಚೆಲುವರಾಜು, "ಯಾವ್ ಮನೆ?" ಎಂದ. ಬೋರಮ್ಮ ಬಾಗಿಲಲ್ಲೇ ನಿಂತು, ಸೆರಗನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ದೇವರಾಜ ಮೊಹಲ್ಲಾದ ಆ ಮನೆಯಲ್ಲಿ ಬಾಡಿಗೆಗೆ ಕೊಡುವಂಥದ್ದು ಇದ್ದದ್ದೇ ಒಂದು, ಅವನಿದ್ದ ಈ ಮಹಡಿ ಕೋಣೆ. ಹನ್ನೊಂದು ವರ್ಷದಿಂದ ಇದ್ದವನಿಗೆ ಹೋಗು ಎನ್ನಲು ಬಾಯಿ ಬಾರದೆ, ಓದುಬರಹ ತಿಳಿಯದ ಆಕೆ ಅವನ ಕೈಯಲ್ಲೇ ಬರೆಸಲು ಬಂದಿದ್ದಳು.

"ಅಳಿಯಂದ್ರು ಪಟ್ಟು ಹಿಡಿದವ್ರೆ. ಕಾಲೇಜ್ ಹುಡುಗ್ರು ತಿಂಗ್ಳಿಗೆ ಮೂವತ್ತು ಕೊಡ್ತಾರಂತೆ. ನೀನೂ ಅಷ್ಟು ಕೊಟ್ಬುಡು, ಬೋರ್ಡೇ ಬ್ಯಾಡ."

"ಎಂಟು ರೂಪಾಯಿಗೇ ಏದುಸಿರು ಬಿಡ್ತೀನಿ ಕಣವ್ವ."

ಹಾಗೆಂದು ಅವನಿಗೆ ಕೆಲಸ ಸಿಗದೆಂದಲ್ಲ. ಮಾರುಕಟ್ಟೆಯ ಅರ್ಧ ಅಂಗಡಿಗಳ ಬೋರ್ಡು ಅವನದೇ ಕೈಬರಹ. ಆದರೆ ವಾರಕ್ಕೆ ಮೂರು ದಿನ ದುಡಿದ ಮೇಲೆ ಅರಮನೆಯಿಂದ ಕರೆ ಬಂದರೂ ಹೋಗುವ ಪೈಕಿಯಲ್ಲ. ಉಳಿದ ನಾಲ್ಕು ದಿನ ಚಿತ್ರ ಬರೆಯಬೇಕು: ಹೂ ಕಟ್ಟುವ ಹೆಂಗಸರು, ನಿಂತಲ್ಲೇ ನಿದ್ದೆ ಹೋದ ಜಟಕಾ ಕುದುರೆ. ಕೊಳ್ಳುವವರಿಲ್ಲ, ಆ ಚಿಂತೆ ಚಿತ್ರಗಳಿಗೂ ಇರಲಿಲ್ಲ, ಬರೆದವನಿಗೂ ಇರಲಿಲ್ಲ. ಈಗ ಆ ನಾಲ್ಕು ದಿನಗಳನ್ನೇ ಕೊಟ್ಟು ಕೋಣೆ ಉಳಿಸಿಕೊಳ್ಳಬೇಕೇನೋ.

ಆದರೂ ಬರೆದ. ಕೆಟ್ಟದಾಗಿ ಬರೆಯಲು ಕೈ ಒಪ್ಪಬೇಕಲ್ಲ! ಎರಡು ದಿನ ಕೂತು ಅಕ್ಷರಕ್ಕೆ ನೆರಳು ಕೊಟ್ಟು, ಅಂಚಿಗೆ ಕೆಂಪು ಗೆರೆ ಎಳೆದ. ಬೋರಮ್ಮ ದಿನಕ್ಕೆ ನಾಲ್ಕು ಸಲ ಬಂದು ನೋಡಿ, ಮೂಗೊರೆಸಿಕೊಂಡು ಹೋಗುತ್ತಿದ್ದಳು.

ಮೂರನೆಯ ದಿನ ಬೋರ್ಡು ಹೊಡೆಯಲು ಸುತ್ತಿಗೆ ಹುಡುಕುತ್ತ ಹಿತ್ತಲಿಗೆ ಹೋದವನು ಸೌದೆ ಕೋಣೆಯ ಮುಂದೆ ನಿಂತುಬಿಟ್ಟ.

"ಇದು ಖಾಲಿ ಬಿದ್ದದಲ್ಲವ್ವ?" ಎಂದು ಹಿಂದೆಯೇ ಬಂದ ಬೋರಮ್ಮನನ್ನು ಕೇಳಿದ.

"ಸ್ಟವ್ ಬಂದ್ಮೇಲೆ ಸೌದೆ ಎಲ್ಲೈತೆ? ಇಲಿ ಓಡಾಡ್ತವೆ."

"ಹಂಗಾದ್ರೆ ಎಂಟು ರೂಪಾಯಿಗೆ ನಂಗೇ ಇರ್ಲಿ."

"ಥೂ, ಇದ್ಕೆ ಎಂಟಾ? ಐದು ಕೊಡು ಸಾಕು. ಆದ್ರೆ ಇಲ್ಲಿ ಮನ್ಸ ಇರಾಕಾಯ್ತದಾ?"

"ಇಲಿಗಳ್ನ ಕೇಳ್ ನೋಡ್ತೀನಿ," ಎಂದು ಚೆಲುವರಾಜು ನಕ್ಕ. ಮೂರು ದಿನದಿಂದ ಬಿಗಿದುಕೊಂಡಿದ್ದ ಬೋರಮ್ಮನ ಮುಖವೂ ಸಡಿಲವಾಯಿತು.

ವಾರದೊಳಗೆ ಮಹಡಿಗೆ ಹುಡುಗರು ಬಂದರು. ಸೌದೆ ಕೋಣೆಗೆ ಸುಣ್ಣ ಬಳಿದದ್ದಾಯಿತು. ಚಾಪೆ ಹಾಸಿದರೆ ಅರ್ಧ ನೆಲ ಮುಗಿಯಿತು, ನೆಟ್ಟಗೆ ನಿಂತರೆ ತಲೆ ಹೆಂಚಿಗೆ ತಾಗಿತು. ಬೆಳಿಗ್ಗೆ ಕಾಫಿ ತಂದ ಬೋರಮ್ಮ ಮೇಲೆ ನೋಡಿ ಹೌಹಾರಿದಳು.

"ಅಯ್ಯೋ, ಹೆಂಚು ಒಡ್ದೋಗದೆ! ಹೆಂಚು ಕೆಲ್ಸದ ಬೀರಯ್ಯನ್ನ ಕರೆಸಿ ಇವತ್ತೇ ಹಾಕಿಸ್ಬುಡ್ತೀನಿ."

"ಮಳೆ ಬರೋಗಂಟ ಬ್ಯಾಡ ಕಣವ್ವ."

ಅಂದು ಅವನ ನಾಲ್ಕು ದಿನಗಳಲ್ಲಿ ಮೊದಲನೆಯದು. ಒಡೆದ ಹೆಂಚಿನಿಂದ ಬಿದ್ದ ಬಿಸಿಲಿಗೆ ಹಾಳೆ ಹಿಡಿದು ಕೂತ. ಬಿಸಿಲು ಸರಿದಂತೆ ತಾನೂ ಸರಿದ. ಮಧ್ಯಾಹ್ನದ ಹೊತ್ತಿಗೆ ಹಾಳೆ, ಬಣ್ಣದ ಬಟ್ಟಲು, ಅವನು, ಮೂವರೂ ಬಾಗಿಲ ಹತ್ತಿರ ಬಂದಿದ್ದರು. ಕಾಫಿ ಲೋಟ ಮಾತ್ರ ಗೋಡೆಯ ಮೂಲೆಯಲ್ಲಿ, ಮುಟ್ಟದೆ, ಕೆನೆಗಟ್ಟಿಕೊಂಡು ಕೂತಿತ್ತು.