ತಾಯಿ ಕ್ಲಾಸಿನಿಂದ ಬಂದದ್ದು

ಆಫೀಸಿನಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ಹಾಸಿಗೆ ಹಿಡಿದ ಅತ್ತೆಯನ್ನು ಎರಡು ವರ್ಷ ನೋಡಿಕೊಂಡು ಮೊನ್ನೆಯಷ್ಟೇ ಕೆಲಸಕ್ಕೆ ಮರಳಿದ್ದಳು. ಕೈಗೆ ತುಕ್ಕು ಹಿಡಿದಿದೆಯೇನೋ ಎಂಬ ಅಳುಕು ಒಳಗೊಳಗೇ ಇತ್ತು. ಆಸ್ಪತ್ರೆಯೊಂದರ ರೋಗಿಗಳ ದಾಖಲೆಯ ವೆಬ್‌ಸೈಟು ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಶುರುವಾಗಬೇಕು. ಅದರೊಳಗಿನ ಪ್ರತಿ ಕೆಲಸಕ್ಕೂ ಅನುಮತಿಯ ಬೀಗ ಹಾಕುವ ಹೊಣೆ ಅವಳದು. ಒಂದನ್ನು ಮರೆತರೂ ದಾರಿಹೋಕರಿಗೆಲ್ಲ ಬಾಗಿಲು ತೆರೆದಿಟ್ಟಂತೆ.

"ಪಟ್ಟಿ ನನ್ನತ್ರ ಇದೆಯಲ್ಲಮ್ಮ," ಮ್ಯಾನೇಜರ್ ಹಾಳೆ ಆಡಿಸಿದ. "ಕೆಲಸ ನಡೆಸೋ ಕಂಟ್ರೋಲರ್ ಒಂಬತ್ತು, ಅವು ಮಾಡೋ ಕೆಲಸ, ಅಂದ್ರೆ ಆ್ಯಕ್ಷನ್, ಅರವತ್ತನಾಲ್ಕು. ನಾನೇ ಕೈಯಾರೆ ಬರೆದದ್ದು."

"ಮನೇಲಿ ಏನಿದೆ ಅಂತ ಮನೆಯನ್ನೇ ಕೇಳೋಣ ಸಾರ್. ಹಾಳೆನ ಯಾಕೆ ಕೇಳ್ಬೇಕು?"

ಓಡುತ್ತಿರುವ ಪ್ರೋಗ್ರಾಮೇ ತನ್ನೊಳಗಿನ ಪಟ್ಟಿಯನ್ನು ಒಪ್ಪಿಸುವಂತೆ ಅವಳು ಹತ್ತು ಸಾಲು ಬರೆದಳು. ಬಂದದ್ದು ಅರವತ್ತನಾಲ್ಕೇ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತಾ?" ಮ್ಯಾನೇಜರ್ ನಕ್ಕ.

ದೊಡ್ಡಕ್ಕ ನಗಲಿಲ್ಲ. ಅತ್ತೆ "ಏನೂ ಬೇಡ" ಎಂದಾಗಲೆಲ್ಲ ಅವಳು ಪ್ರಶ್ನೆ ಬದಲಿಸಿ ಕೇಳುವುದನ್ನು ಕಲಿತಿದ್ದಳು. ಈಗ ಆ ಹತ್ತು ಸಾಲಿನ ತನ್ನ ಪ್ರಶ್ನೆಯನ್ನೇ ಮತ್ತೆ ಓದಿದಳು. ಒಂಬತ್ತೂ ಕಂಟ್ರೋಲರ್‌ಗಳು ಹುಟ್ಟಿದ್ದು ಒಂದೇ ತಾಯಿ ಕ್ಲಾಸಿನಿಂದ, ಎಲ್ಲಕ್ಕೂ ಮೂಲವಾದ ಕೋಡಿನಿಂದ. ಅಲ್ಲಿದ್ದದ್ದು ಎಲ್ಲಕ್ಕೂ ಬರುತ್ತದೆ. ಆದರೆ ಅವಳು ಕೇಳಿದ್ದು, ತಾಯಿಯಿಂದ ಬಂದದ್ದನ್ನು ಬಿಟ್ಟು ನಿನ್ನಲ್ಲೇ ಬರೆದಿರುವುದೇನು ಎಂದಷ್ಟೇ. ಆ ಷರತ್ತು ತೆಗೆದಳು.

ಎಪ್ಪತ್ತಮೂರು.

ಒಂಬತ್ತರ ಕೆಳಗೂ ಒಂದೇ ಹೊಸ ಹೆಸರು: 'ಅಳಿಸು'. ಅದಕ್ಕೆ ಬೀಗವಿರಲಿಲ್ಲ. ಯಾರು ಬೇಕಾದರೂ ಯಾವ ರೋಗಿಯ ದಾಖಲೆಯನ್ನಾದರೂ ಒರೆಸಿಹಾಕಬಹುದಿತ್ತು.

ಮ್ಯಾನೇಜರ್ ಹಾಳೆ ಕೆಳಗಿಟ್ಟ. "ಯಾವ ಪುಣ್ಯಾತ್ಮ ಬರೆದದ್ದು ಇದನ್ನ?"

"ಪುಣ್ಯಾತ್ಮ ಅಲ್ಲ ಸಾರ್, ಪುಣ್ಯಾತ್ಗಿತ್ತಿ. ನಾನೇ."

ಎರಡು ವರ್ಷದ ಹಿಂದೆ ವೆಬ್‌ಸೈಟಿನ ಪರೀಕ್ಷೆಗೆಂದು ಬರೆದದ್ದು. ಅತ್ತೆ ಬಿದ್ದರೆಂದು ಫೋನ್ ಬಂದ ದಿನ, ಆ ಸಾಲುಗಳನ್ನು ಅಳಿಸದೆ ಎದ್ದು ಓಡಿದ್ದಳು. ತಪ್ಪು ಮಾಡಿದ ಕೈಯೇ ತಪ್ಪನ್ನು ಹಿಡಿದಿತ್ತು. ಆ ಕೈಗೆ ತುಕ್ಕು ಹಿಡಿದಿರಲಿಲ್ಲ.

ತಾಯಿ ಕ್ಲಾಸಿನಿಂದ 'ಅಳಿಸು'ವಿನ ಏಳು ಸಾಲು ತೆಗೆದು, ಪ್ರೋಗ್ರಾಮನ್ನು ಮತ್ತೆ ಓಡಿಸಿ ಕೇಳಿದಳು. ಅರವತ್ತನಾಲ್ಕು. ಎಲ್ಲಕ್ಕೂ ಬೀಗ. ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಮ್ಯಾನೇಜರ್‌ಗೆ ಹೋದ ಜೀವ ಬಂತು. ಹಾಳೆಯನ್ನು ಮತ್ತೆ ಎತ್ತಿ ಹಿಡಿದ. "ನೋಡಿದ್ರಾ, ಕೊನೆಗೂ ನನ್ನ ಪಟ್ಟಿನೇ ಸರಿ!"

"ಈಗ ಸರಿ ಸಾರ್," ಎಂದಳು ದೊಡ್ಡಕ್ಕ.